ಒಮ್ಮೆ ಒರೆಸಿದರೆ ಸಾಕಾಗುವ ಹಲಗೆ

ನಮ್ಮ ಬೀದಿಯ ಚುಚ್ಚಣ್ಣನ ಹೆಂಡತಿ ಸ್ಟೂಲಿನ ಮೇಲಿಂದ ಬಿದ್ದದ್ದು ಒಂದು ಭಾನುವಾರ ಬೆಳಗ್ಗೆ, ಸರಿಯಾಗಿ ಹನ್ನೊಂದು ಗಂಟೆಗೆ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಚುಚ್ಚಣ್ಣ ಆಗ ಪಕ್ಕದ ಕೋಣೆಯಲ್ಲಿ ಕುಳಿತು ಗೋಡೆ ಗಡಿಯಾರಕ್ಕೆ ಕೀ ಕೊಡುತ್ತಿದ್ದ. ಸದ್ದು ಕೇಳಿಸಿತು. ಆದರೂ ಕೀ ಪೂರ್ತಿ ಕೊಟ್ಟು ಮುಗಿಸಿಯೇ ಎದ್ದ. ಅರ್ಧಕ್ಕೆ ಬಿಟ್ಟರೆ ಗಡಿಯಾರದ ಸ್ಪ್ರಿಂಗು ಹಾಳಾಗುತ್ತದೆ ಎಂಬುದು ಅವನ ನಂಬಿಕೆ.

ಒಳಗೆ ಹೋಗಿ ನೋಡಿದರೆ ಅವಳು ಅಡುಗೆಮನೆಯ ನೆಲದ ಮೇಲೆ ಕುಳಿತು, ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಸೋಪಿನ ನೀರಿನ ಬೋಗುಣಿ ಮಗುಚಿಕೊಂಡಿತ್ತು. ಮೇಲೆ, ಗೋಡೆಯುದ್ದಕ್ಕೂ, ಚುಚ್ಚಣ್ಣನ ಅಪ್ಪನ ಕಾಲದ ಕಪಾಟು. ಬಣ್ಣ ಕಾಣದ ಬರೀ ಮರ. ವರ್ಷಾನುಗಟ್ಟಲೆ ಎಣ್ಣೆಯ ಹೊಗೆ ಕುಡಿದು ಬೇಸಿಗೆಯಲ್ಲಿ ಅದು ಮನುಷ್ಯರ ಹಾಗೆ ಬೆವರುತ್ತಿತ್ತು. ತಿಂಗಳಿಗೆರಡು ಸಲ ಅವಳು ಸ್ಟೂಲು ಹತ್ತಿ ಅದನ್ನು ಉಜ್ಜುತ್ತಿದ್ದಳು. ಮೂರನೇ ದಿನಕ್ಕೆ ಮತ್ತೆ ಕೈಗೆ ಅಂಟು ಹತ್ತುತ್ತಿತ್ತು.

ಚುಚ್ಚಣ್ಣ ಹೆಂಡತಿಯ ಕೈ ನೋಡಿದ. ಸ್ಟೂಲು ನೋಡಿದ. ಕಪಾಟು ನೋಡಿದ. ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟ: "ತಪ್ಪು ಮರದ್ದು."

ಹೆಂಡತಿ ಕೈಗೆ ಪಟ್ಟಿ ಹಾಕಿಸಿಕೊಂಡು, ಮರುದಿನ ಬಂದ ಅಣ್ಣನ ಜೊತೆ ತವರಿಗೆ ಹೊರಟಳು. "ಕೈ ಸರಿಹೋಗಲಿ, ನೋಡೋಣ," ಎಂದದ್ದು ಅಷ್ಟೇ. ಕೈ ಆರು ವಾರಕ್ಕೆ ಸರಿಹೋಯಿತೆಂದು ಸುದ್ದಿ ಬಂತು. ಹತ್ತನೇ ವಾರ ಕಳೆದರೂ ಅವಳು ಬರಲಿಲ್ಲ.

ಬೇರೆ ಗಂಡಸಾಗಿದ್ದರೆ ಬಸ್ಸು ಹತ್ತಿ ಹೋಗಿ ಯಾಕೆ ಬರಲಿಲ್ಲವೆಂದು ಕೇಳುತ್ತಿದ್ದ. ಚುಚ್ಚಣ್ಣ ಹಾಗೆ ಆತುರ ಬೀಳುವವನಲ್ಲ. ಅವನು ಧಾನ್ಯದ ಗೋದಾಮಿನಲ್ಲಿ ಇಪ್ಪತ್ತಾರು ವರ್ಷದಿಂದ ಮಾದರಿ ತೆಗೆಯುವವನು. ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚಿ, ಒಂದು ಹಿಡಿ ಕಾಳು ಹೊರಗೆಳೆದು, ಅಂಗೈಯಲ್ಲಿ ಹರಡಿ, ಮೂಸಿ, ಕಚ್ಚಿ, ಒಂದನೇ ದರ್ಜೆ ಎರಡನೇ ದರ್ಜೆ ಎಂದು ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಅವನ ಹೆಸರು ಹುಟ್ಟಿದ್ದೂ ಅಲ್ಲಿಂದಲೇ. ಚೀಲದೊಳಗೆ ಏನಿದೆ ಎಂದು ಚೀಲವನ್ನೇ ಕೇಳುವ ಪದ್ಧತಿ ಗೋದಾಮಿನಲ್ಲಿ ಇಲ್ಲ. ಹಾಗಾಗಿ ಅವನು ಹೆಂಡತಿಯನ್ನು ಕೇಳದೆ ತಾನೇ ಕಂಡುಕೊಂಡ: ಅವಳು ಹೊಸ ಕಪಾಟಿಗೆ ಕಾಯುತ್ತಿದ್ದಾಳೆ. ಒರೆಸಲು ಸುಲಭವಾದ ಕಪಾಟು ಬಂತೆಂದರೆ ಅವಳೂ ಬಂದಳು.

ಬಡಗಿ ಬಂದು ಗೋಡೆ ಅಳೆದ. "ಪ್ಲೈವುಡ್ಡಲ್ಲಿ ಮಾಡಿ, ಮೇಲೊಂದು ಲ್ಯಾಮಿನೇಟ್ ಹಾಳೆ ಅಂಟಿಸಿಬಿಡೋಣ ಚುಚ್ಚಣ್ಣ. ಎಣ್ಣೆ ಒಳಗಿಳಿಯಲ್ಲ. ಒದ್ದೆ ಬಟ್ಟೆ ಆಡಿಸಿದ್ರೆ ಮುಗೀತು. ಹಾಳೆ ಮಾತ್ರ ನೀವೇ ಆರಿಸಿ ಹೇಳಿ."

ಆ ಕೊನೆಯ ಮಾತು ಹೇಳಿದ್ದಕ್ಕೆ ಬಡಗಿ ಆಮೇಲೆ ಎರಡು ತಿಂಗಳು ಪಶ್ಚಾತ್ತಾಪಪಟ್ಟ.

ಲ್ಯಾಮಿನೇಟ್ ಅಂಗಡಿಯಲ್ಲಿ ಗೋಡೆ ತುಂಬ ಅಂಗೈಯಗಲದ ಮಾದರಿ ತುಂಡುಗಳು ನೇತಾಡುತ್ತಿದ್ದವು. ಕನ್ನಡಿಯ ಹಾಗೆ ಮಿರುಗುವವು, ಬೂದಿಯ ಹಾಗೆ ಮಂಕಾದವು, ಮರದ ಗೆರೆಯಿದ್ದಂತೆ ತರಿತರಿಯಾದವು. ಚುಚ್ಚಣ್ಣ ಮೊದಲ ದಿನ ಬೆಳಗ್ಗೆಯಿಂದ ಸಂಜೆವರೆಗೆ ಒಂದೊಂದನ್ನೂ ಮುಟ್ಟಿದ. ಎರಡನೇ ದಿನ ಸಣ್ಣ ಶೀಶೆಯಲ್ಲಿ ಎಣ್ಣೆ, ಪೊಟ್ಟಣದಲ್ಲಿ ಹೊಗೆಮಸಿ ತಂದ. ಮೂರನೇ ದಿನ ಅಂಗಡಿಯವನು ಅವನನ್ನು ಕಂಡ ಕೂಡಲೇ ಎದ್ದು ನಿಂತ, ಗೌರವಕ್ಕಲ್ಲ.

"ಸ್ವಾಮಿ, ಎಲ್ಲಾ ಒಂದೇ. ಒಮ್ಮೆ ಒರೆಸಿದ್ರೆ ಸಾಕು."

"ಯಾರು ಒರೆಸಿ ನೋಡಿದಾರೆ?"

"ಮಾಡೋ ಕಡೆಯವರು ನೋಡಿರ್ತಾರಲ್ಲ."

"ಅವರು ಹೊಸದನ್ನ ಒರೆಸಿರ್ತಾರೆ. ಹೊಸ ಚೀಲದ ಕಾಳೂ ಚೆನ್ನಾಗೇ ಇರುತ್ತೆ. ಐದು ವರ್ಷ ಅಡುಗೆಮನೇಲಿದ್ದ ಹಲಗೆ ಬೇಕು ನನಗೆ, ನೋಡೋಕೆ."

ಅಂಗಡಿಯವನಿಗೆ ತಾಳ್ಮೆ ಮುಗಿದಿತ್ತು. "ನಿಮ್ಮ ಬೀದಿಯಲ್ಲೇ ಹದಿನಾಲ್ಕು ಮನೆಗೆ ಹಾಕಿದೀನಿ. ಬಟ್ಟೆ ಹಿಡ್ಕೊಂಡು ಹೋಗಿ, ಮನೆಮನೆ ಒರೆಸ್ಕೊಂಡು ಬನ್ನಿ!" ಎಂದು ಕೈ ಮುಗಿದ.

ಚುಚ್ಚಣ್ಣ ಒಳ್ಳೆಯ ಸಲಹೆಯನ್ನು ಎಂದೂ ತಳ್ಳಿಹಾಕಿದವನಲ್ಲ. ಮನೆಗಳ ಪಟ್ಟಿ ಬರೆಸಿಕೊಂಡು ಬಂದ.

ಮೊದಲ ಮನೆ ಮೇಷ್ಟ್ರದು. ಮೇಷ್ಟ್ರು ಶಾಲೆಗೆ ಹೋಗಿದ್ದರು. ಬಾಗಿಲು ತೆರೆದ ಅವರ ಹೆಂಡತಿಗೆ ಕಂಡದ್ದು ಒಂದು ಬಕೆಟ್ಟು, ಎರಡು ಬಟ್ಟೆ, ಗೋದಾಮಿನ ಪುಸ್ತಕ, ಇವುಗಳ ಹಿಂದೆ ಚುಚ್ಚಣ್ಣ.

"ಏನ್ರೀ ಇದು?"

"ನಿಮ್ಮ ಕಪಾಟು ಒರೆಸಬೇಕಿತ್ತು ಅಕ್ಕ."

"ಅಂದ್ರೆ ನಮ್ಮನೆ ಗಲೀಜು ಅಂತಾನಾ?"

"ಅದು ಒರೆಸಿದ ಮೇಲೆ ಗೊತ್ತಾಗುತ್ತೆ," ಎಂದ ಚುಚ್ಚಣ್ಣ, ಪ್ರಾಮಾಣಿಕವಾಗಿ.

ಆಕೆಗೆ ಸಿಟ್ಟು ಬಂತು. ಆದರೆ ಹೆಂಡತಿ ಬಿಟ್ಟುಹೋದ ಗಂಡಸಿಗೆ ತಲೆ ಸ್ವಲ್ಪ ಆಚೀಚೆ ಆಗಿರಬಹುದೆಂದು ಕನಿಕರವೂ ಆಯಿತು. ಒಳಗೆ ಬಿಟ್ಟಳು. ಅವನು ಒಲೆಯ ಮೇಲಿನ ಬಾಗಿಲನ್ನು ಆರಿಸಿಕೊಂಡು, ಮೇಲಿಂದ ಕೆಳಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಪುಸ್ತಕದಲ್ಲಿ ಬರೆದ. ಆಕೆ ಬಗ್ಗಿ ಓದಿದಳು. "ಎರಡನೇ ದರ್ಜೆ. ತರಿಯಲ್ಲಿ ಜಿಡ್ಡು ಕೂತಿದೆ."

ಪಕ್ಕದ ಮನೆಯಲ್ಲಿ ಮಿರುಗುವ ಬಿಳಿ ಹಲಗೆ. ಅದಕ್ಕೆ ಒಂದನೇ ದರ್ಜೆ ಸಿಕ್ಕಿತು. ಸಂಜೆಯ ಹೊತ್ತಿಗೆ ಆ ಮನೆಯವಳು ಅದನ್ನು ಬೀದಿಗೆಲ್ಲ ಹೇಳಿದ್ದಳು. ಮೇಷ್ಟ್ರ ಮನೆಯಲ್ಲಿ ಅಂದು ಊಟದ ಹೊತ್ತಿಗೆ ಪಾತ್ರೆಗಳು ಬಹಳ ಸದ್ದು ಮಾಡಿದವು.

ಮರುದಿನದಿಂದ ಚುಚ್ಚಣ್ಣ ಎಲ್ಲಿ ಹೋದರೂ ಕಪಾಟು ಆಗಷ್ಟೇ ತಿಕ್ಕಿದ್ದು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. "ನಾನು ಬರೋ ಮುಂಚೆ ಯಾರೂ ಒರೆಸಬಾರದು, ಪರೀಕ್ಷೆ ಕೆಡುತ್ತೆ!" ಎಂದು ಅವನು ಬೀದಿಯ ನಡುವೆ ನಿಂತು ಕೂಗಿ ಹೇಳಬೇಕಾಯಿತು. ಆಗ ಜನ ತಣ್ಣಗಾದರು. ಒರೆಸದೆ ಬಿಟ್ಟರೆ ಬಂದು ಒರೆಸುವವನು ಒಬ್ಬನಿದ್ದಾನೆ ಎಂಬ ಅಂಶ ಅವರಿಗೆ ನಿಧಾನವಾಗಿ ಹೊಳೆಯಿತು.

ಮೊದಲು ಹೊಳೆದದ್ದು ಮೂಲೆಮನೆಯ ಅಜ್ಜಿಗೆ. "ಮಗನೇ, ಆ ಕೆಳಗಿನದು ನೋಡಿದ್ಯಾ? ಅದು ಬೇರೆ ಥರದ ಹಲಗೆ," ಎಂದಳು. ಅದು ಅದೇ ಹಲಗೆ. ಆದರೂ ಒರೆಸಿ ನೋಡಬೇಕಲ್ಲ. ಮೂರು ದಿನದಲ್ಲಿ ಅವನು ಅಜ್ಜಿಯ ಕಪಾಟು ಒಳಹೊರಗೆ, ಕಿಟಕಿಯ ಕಂಬಿ, ಬಾಗಿಲ ಚೌಕಟ್ಟು ಎಲ್ಲ ಒರೆಸಿದ್ದ. ನಾಲ್ಕನೇ ದಿನ ಫ್ಯಾನಿನ ರೆಕ್ಕೆಗೂ ಲ್ಯಾಮಿನೇಟ್ ಹಾಕಿಸಿದ್ದೇನೆಂದು ಅಜ್ಜಿ ಹೇಳಿದಳು. ಚುಚ್ಚಣ್ಣ ಅದನ್ನೂ ಒರೆಸಿ, "ಮೂರನೇ ದರ್ಜೆ," ಎಂದು ಬರೆದುಕೊಂಡ.

ಇಷ್ಟರಲ್ಲಿ ಅವನ ಕೈಗೆ ಒಂದು ಹದ ಬಂದಿತ್ತು. ಬಟ್ಟೆಯನ್ನು ಎಷ್ಟು ಹಿಂಡಬೇಕು, ಹಿಡಿಕೆಯ ಹಿಂದಿನ ಜಿಡ್ಡಿಗೆ ಬೆರಳನ್ನು ಹೇಗೆ ಬಗ್ಗಿಸಬೇಕು, ಮೂಲೆಯಲ್ಲಿ ಬಟ್ಟೆಯನ್ನು ಹೇಗೆ ತಿರುಗಿಸಬೇಕು ಎಲ್ಲ ಗೊತ್ತಾಗಿತ್ತು. ಬೀದಿಯ ಹೆಂಗಸರು ಅವನನ್ನು ಹೊಗಳುವುದರಲ್ಲಿ ಹುರುಳಿತ್ತು. ಒರೆಸಿ ಮುಗಿಸಿ ಅವನು ತನ್ನ ಮನೆಗೆ ಬರುತ್ತಿದ್ದ. ಕತ್ತಲೆ ಕವಿದ ಅಡುಗೆಮನೆಯಲ್ಲಿ ದೀಪ ಹಾಕುತ್ತಿದ್ದ. ತೊಳೆಯದ ತಟ್ಟೆಗಳು ತೊಟ್ಟಿಯಲ್ಲಿ ಒಂದರ ಮೇಲೊಂದು ಕೂತು ಹುಳಿವಾಸನೆ ಬೀರುತ್ತಿದ್ದವು. ಗೋದಾಮಿನ ಕ್ಯಾಂಟೀನಿನಿಂದ ತಂದ ತಣ್ಣನೆಯ ಊಟವನ್ನು ಅವನು ಪೊಟ್ಟಣದಲ್ಲೇ ಉಣ್ಣುತ್ತಿದ್ದ, ಇನ್ನೊಂದು ತಟ್ಟೆ ಯಾಕೆಂದು. ಆ ಹಳೆಯ ಮರದ ಕಪಾಟಿಗೆ ಅವನು ಬಟ್ಟೆ ಮುಟ್ಟಿಸಲಿಲ್ಲ. ಹೇಗೂ ಕಿತ್ತುಹಾಕುವುದು ತಾನೇ.

ಮುಂದೆ ಪ್ಲೈವುಡ್ಡಿನ ಸರದಿ. ಒಳ್ಳೆಯ ಹಲಗೆ ಕುದಿನೀರಿನಲ್ಲೂ ಪದರ ಬಿಡುವುದಿಲ್ಲವೆಂದು ಬಡಗಿ ಮಾತಿಗೆ ಹೇಳಿದ್ದ. ಚುಚ್ಚಣ್ಣ ನಾಲ್ಕು ತುಂಡು ತಂದು ದೊಡ್ಡ ಪಾತ್ರೆಯಲ್ಲಿ ಬೇಯಲು ಇಟ್ಟ. ಅಂಟಿನ ವಾಸನೆ ಮೂಲೆಮನೆಯವರೆಗೆ ಹೋಯಿತು. ಅಜ್ಜಿ ಕೋಲೂರಿಕೊಂಡು ಬಂದು ಮುಚ್ಚಳ ಎತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಅಯ್ಯೋ ಮಗನೇ, ಮರ ಬೇಯಿಸ್ಕೊಂಡು ತಿನ್ನೋ ಗತಿ ಬಂತಾ ನಿನಗೆ!"

"ತಿನ್ನೋಕಲ್ಲ ಅಜ್ಜಿ. ಆರು ಗಂಟೆ ಬೇಯಬೇಕು. ಪದರ ಬಿಡುತ್ತಾ ನೋಡ್ಬೇಕು."

"ಬೆಂದಮೇಲೆ ಉಪ್ಪು ಹಾಕ್ತೀಯೇನೋ," ಎಂದು ಅಜ್ಜಿ ಕಣ್ಣೊರೆಸಿಕೊಂಡು ಹೋದಳು. ಆಕೆ ಆ ಸಂಜೆ ಬೀದಿಗೆ ಕೊಟ್ಟ ವರದಿಯಲ್ಲಿ ಚುಚ್ಚಣ್ಣ ಮರವನ್ನು ತಿಂದೂ ಆಗಿತ್ತು.

ಮೇಷ್ಟ್ರ ಹೆಂಡತಿ ಎರಡನೇ ದರ್ಜೆಯನ್ನು ಮರೆತಿರಲಿಲ್ಲ. ಹೆಸರು ಹಾಕದ ಒಂದು ಅರ್ಜಿ, ಮೇಷ್ಟ್ರ ದುಂಡಗಿನ ಅಕ್ಷರದಲ್ಲಿ, ಆರೋಗ್ಯಾಧಿಕಾರಿಗಳ ಕಚೇರಿಗೆ ಹೋಯಿತು. ಚುಚ್ಚಣ್ಣನಿಗೆ ಕರೆ ಬಂತು.

"ಮನೆಮನೆಗೆ ನುಗ್ಗಿ ಅಡುಗೆಮನೆ ತಪಾಸಣೆ ಮಾಡ್ತಿದೀರಂತೆ. ನಿಮಗೆ ಯಾರ್ರೀ ಅಧಿಕಾರ ಕೊಟ್ಟಿದ್ದು?" ಎಂದು ಅಧಿಕಾರಿ ಗದರಿದರು.

"ಲ್ಯಾಮಿನೇಟ್ ಅಂಗಡಿಯವರು ಸಾರ್."

"ದರ್ಜೆ ಬೇರೆ ಕೊಡ್ತೀರಂತೆ! ಆ ಪುಸ್ತಕ ಕೊಡಿ ಇಲ್ಲಿ. ಇದನ್ನ ಜಪ್ತಿ ಮಾಡ್ಬೇಕು." ಅಧಿಕಾರಿ ಪುಟ ತಿರುವುತ್ತ ಹೋದರು. ಒಂಬತ್ತನೇ ಪುಟದಲ್ಲಿ ಅವರ ಕೈ ನಿಂತಿತು. ಅಲ್ಲಿ ನಮ್ಮ ಬೀದಿಯಲ್ಲೇ ಇದ್ದ ಅವರದೇ ಮನೆಯ ವಿಳಾಸವಿತ್ತು. "ಮೂರನೇ ದರ್ಜೆ. ಹಿಡಿಕೆ ಹಿಂದೆ ಜಿಡ್ಡು. ಮೂರು ಸಲ ಒರೆಸಬೇಕಾಯಿತು. ಒಳಗೆ ಜಿರಲೆ."

ಅಧಿಕಾರಿ ಎದ್ದು ಹೋಗಿ ಕೋಣೆಯ ಬಾಗಿಲು ಮುಂದಕ್ಕೆ ಹಾಕಿ ಬಂದರು.

"ಇದು ಎಷ್ಟು ಜನ ನೋಡಿದಾರೆ?" ಎಂದು ಅಧಿಕಾರಿ ತಗ್ಗಿದ ದನಿಯಲ್ಲಿ ಕೇಳಿದರು.

"ಯಾರೂ ಇಲ್ಲ ಸಾರ್. ಮೂಲೆಮನೆ ಅಜ್ಜಿ ಮಾತ್ರ."

ಅಧಿಕಾರಿ ಕಣ್ಣು ಮುಚ್ಚಿಕೊಂಡರು. ಆ ಅಜ್ಜಿ ಎಂಥವಳೆಂದು ಅವರಿಗೂ ಗೊತ್ತಿತ್ತು. ಒಂಬತ್ತನೇ ಪುಟವನ್ನು ಹರಿದು ಕಿಸೆಗಿಟ್ಟುಕೊಂಡು, ಪುಸ್ತಕ ಹಿಂದಿರುಗಿಸಿ, ಹೋಗಬಹುದೆಂದು ಕೈಸನ್ನೆ ಮಾಡಿದರು.

ಸುದ್ದಿ ಬಸ್ಸು ಹತ್ತಿ ಹೆಂಡತಿಯ ತವರಿಗೂ ತಲುಪಿತು. ಮರುವಾರ ಅವಳ ಅಣ್ಣ ಬಂದ. ಬಂದವನು ಕೂರಲಿಲ್ಲ, ನೀರೂ ಕುಡಿಯಲಿಲ್ಲ.

"ಭಾವ, ನೀವು ಬೀದಿಯವರ ಅಡುಗೆಮನೆ ಒರೆಸ್ಕೊಂಡು ಓಡಾಡ್ತಿದೀರಂತೆ. ಹೌದಾ?"

"ಹನ್ನೆರಡು ಮನೆ ಆಯ್ತು ಭಾವ," ಎಂದ ಚುಚ್ಚಣ್ಣ ಹೆಮ್ಮೆಯಿಂದ. "ಇನ್ನು ಎರಡಿದೆ."

"ತಂಗಿಗೆ ಯಾರೋ ಬಂದು ಹೇಳಿದ್ರು. ನಗ್ತಾಳೆ ಅಂದ್ಕೊಂಡೆ. ನಗಲಿಲ್ಲ. ಹೋಗಿ ಹಿತ್ತಲಲ್ಲಿ ಕೂತ್ಕೊಂಡ್ಲು. ಕತ್ತಲಾದ್ರೂ ಒಳಗೆ ಬರಲಿಲ್ಲ."

"ಸಂತೋಷಕ್ಕಾ?"

ಅಣ್ಣ ಅವನ ಮುಖವನ್ನೇ ನೋಡಿದ. "ಇಪ್ಪತ್ತೆಂಟು ವರ್ಷದಲ್ಲಿ ನಿಮ್ಮನೇಲಿ ಒಂದು ಲೋಟ ತೊಳೆದಿದೀರಾ ನೀವು?"

"ಲೋಟದ ಮಾತು ಬೇರೆ ಭಾವ. ಅದು ಸ್ಟೀಲು. ಇಲ್ಲಿ ತೊಂದರೆ ಇದ್ದದ್ದು ಮರದ್ದು."

"ಅವಳು ವಾಪಸ್ಸು ಬರ್ತಾಳೋ ಇಲ್ವೋ ನನಗೇ ಗೊತ್ತಾಗ್ತಿಲ್ಲ. ಕರ್ಕೊಂಡು ಬರೋ ಮನಸ್ಸಿದ್ರೆ ಬಂದು ಅವಳ ಹತ್ರ ಎರಡು ಮಾತಾಡಿ."

"ಬರ್ತೀನಿ. ಕಪಾಟು ಮುಗೀಲಿ. ಬರೀ ಕೈಲಿ ಬಂದು ಏನು ಮಾತಾಡೋದು?" ಎಂದು ಚುಚ್ಚಣ್ಣ ಜೇಬಿನಿಂದ ಎರಡು ತುಂಡು ತೆಗೆದು ಅಣ್ಣನ ಕೈಯಲ್ಲಿಟ್ಟ. "ಇದು ಕೆನೆ ಬಣ್ಣ, ಇದು ನಸುಬೂದು. ಯಾವುದು ಬೇಕು ಅಂತ ಅವಳನ್ನ ಕೇಳಿ."

ಅಣ್ಣ ಎರಡನ್ನೂ ಕಿಟಕಿಯ ಮೇಲಿಟ್ಟು ಹೊರಟುಹೋದ. ಕೆನೆ ಬಣ್ಣದ್ದು ಇನ್ನೊಂದರ ಮೇಲಿತ್ತಾದ್ದರಿಂದ ಚುಚ್ಚಣ್ಣ ಅದನ್ನೇ ಖಾಯಂ ಮಾಡಿದ.

ಒಂದು ಮಾತು ಒಪ್ಪಬೇಕು. ಆಯ್ಕೆ ಚೆನ್ನಾಗಿತ್ತು. ಬೆರಳಚ್ಚು ಎದ್ದು ಕಾಣುವ ಮಿರುಗೂ ಅಲ್ಲ, ಜಿಡ್ಡು ಹಿಡಿಯುವ ತರಿಯೂ ಅಲ್ಲ, ನಡುವಿನ ನಯ. ನೀರು ಒಳಹೋಗದಂತೆ ಅಂಚಿಗೆಲ್ಲ ಪಟ್ಟಿ ಅಂಟಿಸಿತ್ತು. ಬಡಗಿ ಹದಿನೇಳು ದಿನ ಕೆಲಸ ಮಾಡಿದ. ಅದರಲ್ಲಿ ಆರು ದಿನ ಚುಚ್ಚಣ್ಣ ಅಂಚು ಮೂಸುವುದನ್ನು ನಿಲ್ಲಿಸಲೆಂದು ಕಾದದ್ದು. ಹಳೆಯ ಮರ ಹಿತ್ತಲಿಗೆ ಹೋಯಿತು. ಚುಚ್ಚಣ್ಣ ಪತ್ರ ಬರೆದ: "ಕಪಾಟು ಮುಗಿದಿದೆ. ಬಾ."

ಅವಳು ಭಾನುವಾರ ಅಣ್ಣನ ಜೊತೆ ಬಂದಳು. ಕೈಯಲ್ಲಿದ್ದ ಚೀಲ ಖಾಲಿಯಾಗಿ ಮಡಚಿಕೊಂಡಿತ್ತು. ಉಳಿಯಲು ಬಂದವಳು ತುಂಬಿದ ಚೀಲ ತರಬೇಕಲ್ಲ ಎಂದು ಅಜ್ಜಿ ತನ್ನ ಕಿಟಕಿಯಿಂದಲೇ ಗಮನಿಸಿದಳು. ಚುಚ್ಚಣ್ಣ ಗಮನಿಸಲಿಲ್ಲ. ಅವನು ಅಡುಗೆಮನೆಯ ಬಾಗಿಲಲ್ಲಿ ಬಟ್ಟೆ ಹಿಡಿದು ನಿಂತಿದ್ದ.

"ಬಾ ಬಾ. ಇಲ್ಲಿ ನಿಂತ್ಕೋ. ನೋಡು," ಎಂದ. ಒಂದು ಚಮಚ ಎಣ್ಣೆಯನ್ನು ಹೊಸ ಬಾಗಿಲ ಮೇಲೆ ಸುರಿದ. ಅದರ ಮೇಲೆ ಮಸಿ ಬಳಿದ. ಎಣ್ಣೆ ಕಪ್ಪಗೆ ಇಳಿಯತೊಡಗಿತು. ಅವನು ಬಟ್ಟೆ ಹಿಂಡಿ, ಮಡಚಿ, ಮೇಲಿಂದ ಕೆಳಕ್ಕೆ ಒಮ್ಮೆ ಎಳೆದ. ಮೂಲೆಯಲ್ಲಿ ಬಟ್ಟೆಯನ್ನು ತಿರುಗಿಸಿದ. ಬೆರಳು ಬಗ್ಗಿಸಿ ಹಿಡಿಕೆಯ ಹಿಂದೆ ಆಡಿಸಿದ. ಬಾಗಿಲು ಮೊದಲಿನಂತಾಯಿತು.

ಹೆಂಡತಿ ಬಾಗಿಲನ್ನು ನೋಡಲಿಲ್ಲ. ಅವನ ಕೈಯನ್ನೇ ನೋಡುತ್ತಿದ್ದಳು.

"ಎಲ್ಲಿ ಕಲಿತ್ರಿ ಇದನ್ನ?"

"ಮೇಷ್ಟ್ರ ಮನೇಲಿ ಶುರು ಮಾಡ್ದೆ. ಆಮೇಲೆ ಅಜ್ಜಿ ಮನೆ. ಹಿಡಿಕೆ ಹಿಂದಿಂದು ಮಾತ್ರ ಆರೋಗ್ಯಾಧಿಕಾರಿಗಳ ಮನೇಲಿ ಬಂತು."

"ಎಷ್ಟು ದಿನ ಹಿಡೀತು, ಕೈಗೆ ಕೂರೋಕೆ?"

"ಏನಿದೆ ಮಹಾ? ನಾಲ್ಕು ದಿನ."

"ನಾಲ್ಕು ದಿನ," ಎಂದಳು ಅವಳು.

ಚುಚ್ಚಣ್ಣನಿಗೆ ಉತ್ಸಾಹ ಹೆಚ್ಚಿತು. ಮತ್ತೊಂದು ಚಮಚ ಎಣ್ಣೆ ಸುರಿದು, ಬಟ್ಟೆಯನ್ನು ಅವಳ ಕಡೆ ಚಾಚಿದ. "ತಗೋ, ನೀನೂ ಒರೆಸಿ ನೋಡು. ಇನ್ನು ನಿನಗೆ ಎಷ್ಟು ಹಗುರ ಅಂತ ಗೊತ್ತಾಗುತ್ತೆ."

ಅವಳ ಅಣ್ಣ ತಲೆ ತಗ್ಗಿಸಿದ. ಅವಳು ಬಟ್ಟೆ ತೆಗೆದುಕೊಂಡಳು. ನಾಲ್ಕು ಮಡಿಕೆ ಮಾಡಿ, ಅಂಗೈಯಿಂದ ಸುಕ್ಕು ತೀಡಿ, ಕಟ್ಟೆಯ ಮೇಲಿಟ್ಟಳು. ಆಮೇಲೆ ಒಳಕೋಣೆಗೆ ಹೋಗಿ, ತನ್ನ ಚಳಿಗಾಲದ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದಳು. ಬಾಗಿಲ ಮೇಲೆ ಎಣ್ಣೆ ಇಳಿಯುತ್ತಲೇ ಇತ್ತು.

ಚುಚ್ಚಣ್ಣ ಗೇಟಿನವರೆಗೆ ಹಿಂದೆ ಓಡಿದ. "ಬಣ್ಣ ಹಿಡಿಸ್ಲಿಲ್ವಾ?"

"ಬಣ್ಣ ಚೆನ್ನಾಗಿದೆ ರೀ."

"ಮತ್ತೆ?"

ಅವಳು ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದಳು. ಆ ಮಣಿಕಟ್ಟು ಇನ್ನೂ ಭಾರ ತಾಳುತ್ತಿರಲಿಲ್ಲ. "ನಾಲ್ಕು ದಿನದಲ್ಲಿ ಬರೋ ಕೆಲಸ ಅಂತ ನನಗೆ ಗೊತ್ತಿರಲಿಲ್ಲ," ಎಂದು ಹೇಳಿ ಅಣ್ಣನ ಹಿಂದೆ ನಡೆದಳು. ಬೀದಿಯ ಎಲ್ಲ ಕಿಟಕಿಗಳಲ್ಲೂ ಒಬ್ಬೊಬ್ಬರಿದ್ದರು. ಅಜ್ಜಿ ತನ್ನ ಕಿಟಕಿ ಮುಚ್ಚಿಕೊಂಡಳು.

ಇದಾಗಿ ಐದು ತಿಂಗಳಾಯಿತು. ಲ್ಯಾಮಿನೇಟ್ ಅಂಗಡಿಯವನು ಈಗ ಚುಚ್ಚಣ್ಣನ ಮೇಲಿನ ಸಿಟ್ಟು ಬಿಟ್ಟಿದ್ದಾನೆ. ಆ ಅಡುಗೆಮನೆಯಲ್ಲಿ ಹಲಗೆಗಳು ಅಂಗಡಿಯಲ್ಲಿರುವುದಕ್ಕಿಂತ ಹೊಸದಾಗಿ ಇರುವುದು ಅವನ ಕಣ್ಣಿಗೆ ಬಿದ್ದು, ಗಿರಾಕಿಗಳನ್ನು ಅಲ್ಲಿಗೇ ಕಳಿಸತೊಡಗಿದ. ಕಳೆದ ವಾರ ಗಂಡಹೆಂಡತಿ ಇಬ್ಬರು ಬಂದಿದ್ದರು. ಹೊಸ ಮನೆ ಕಟ್ಟಿಸುತ್ತಿದ್ದವರು. ಗಂಡ ಬಾಗಿಲಿನ ಮೇಲೆ ಬೆರಳಾಡಿಸಿ, "ಭಾರೀ ಇದೆಯಲ್ಲ! ಒಂದು ಕಲೆ ಇಲ್ಲ!" ಎಂದ. ಹೆಂಡತಿ ಕಪಾಟು ತೆರೆದು ನೋಡಿದಳು. ಒಳಗೆ ಏನೂ ಇರಲಿಲ್ಲ. ಪಕ್ಕದ್ದನ್ನು ತೆರೆದಳು. ಅದರಲ್ಲೂ ಇರಲಿಲ್ಲ. ಅಂಟಿನ ವಾಸನೆ ಬಂತು.

"ಅಡುಗೆ ಮಾಡಲ್ವಾ ಇಲ್ಲಿ?" ಎಂದು ಮೆಲ್ಲಗೆ ಕೇಳಿದಳು.

"ಇನ್ನೂ ಶುರು ಮಾಡಿಲ್ಲ ತಾಯಿ," ಎಂದ ಚುಚ್ಚಣ್ಣ.

ಅವನು ಅಭ್ಯಾಸದಂತೆ ಒಂದು ಚಮಚ ಎಣ್ಣೆ ಸುರಿದ, ಮಸಿ ಬಳಿದ. ಗಂಡ ಕೈ ತಟ್ಟಿ, "ನೋಡೇ, ಒಮ್ಮೆ ಒರೆಸಿದ್ರೆ ಸಾಕಂತೆ. ನಿನಗೆ ಎಷ್ಟು ಆರಾಮ ನೋಡು! ಒರೆಸು, ಒರೆಸಿ ನೋಡು," ಎಂದ.

ಚುಚ್ಚಣ್ಣ ಬಟ್ಟೆಯನ್ನು ಆಕೆಯ ಕಡೆ ಚಾಚಿದ. ಆಕೆ ಕೈ ಮುಂದೆ ಮಾಡಿದಳು. ಅಷ್ಟರಲ್ಲಿ ಅವನ ಕೈ ನಡುವೆಯೇ ನಿಂತಿತು. ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ನಿಧಾನವಾಗಿ ಗಂಡನ ಕಡೆಗೆ ತಿರುಗಿತು.

"ನೀವು ಹಿಡ್ಕೊಳ್ಳಿ ಸ್ವಾಮಿ."

"ನಾನಾ?" ಎಂದು ಆತ ನಕ್ಕ.

"ನೀವೇ."

ಆತ ಬಟ್ಟೆಯನ್ನು ನೋಡಿದ, ಚುಚ್ಚಣ್ಣನನ್ನು ನೋಡಿದ, ಗಡಿಯಾರ ನೋಡಿ ಹೊತ್ತಾಯಿತೆಂದ. ಚುಚ್ಚಣ್ಣ ಕೈ ಹಿಂದೆಗೆಯಲಿಲ್ಲ. ಇಬ್ಬರೂ ಹೊರಟ ಮೇಲೂ ಅವನು ಬಟ್ಟೆ ಚಾಚಿಕೊಂಡೇ ನಿಂತಿದ್ದನೆಂದು, ಆಕೆ ಗೇಟಿನಿಂದ ಎರಡು ಸಲ ತಿರುಗಿ ನೋಡಿದಳೆಂದು ಅಜ್ಜಿ ಹೇಳುತ್ತಾಳೆ.

ಆ ಮೇಲೆ ಅಂಗಡಿಯವನು ಅಲ್ಲಿಗೆ ಗಿರಾಕಿಗಳನ್ನು ಕಳಿಸುವುದನ್ನು ನಿಲ್ಲಿಸಿದ್ದಾನೆ. ವ್ಯಾಪಾರ ಕೆಡುತ್ತದಂತೆ.